ಕೆಂಪು ಗುಂಪಿನ ಮೇಲೆ ಕಪ್ಪೆ ಎಸೆಯಬೇಡಿ

ಮೃಗಶಿರಾ ಕೂಡಿ ಹದಿನೈದು ದಿನ ಆಗಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇನ್ನೇನು ಅಡ್ಡಾಗಬೇಕು, ಮೊಬೈಲಿಗೆ ಒಂದು ಫೋಟೋ ಬಂತು. ಶಿವಮೊಗ್ಗ ಕಡೆಯ ಹುಡುಗ, ಇಲ್ಲಿ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿ, ಮಾತು ಸಾಹಿತ್ಯದಿಂದ ಜಾರಿ ಗಾಳಕ್ಕೆ ಬಂದು, ಈಗ ಮೂರು ವರ್ಷದಿಂದ ನನ್ನ ಭಾನುವಾರದ ಜೊತೆಗಾರ. ಫೋಟೋದಲ್ಲಿ ಎರಡೂ ಕೈಯಲ್ಲಿ ದೊಡ್ಡ ಕೊರ್ರಮೀನು ಎತ್ತಿ ಹಿಡಿದಿದ್ದಾನೆ. ಅದರ ಬಾಯಿ ಅಂಚಿನಲ್ಲಿ ನಾನೇ ಕೊಟ್ಟ ಹಸಿರು ರಬ್ಬರ್ ಕಪ್ಪೆ ಜೋತಾಡುತ್ತಿದೆ. ಕೆಳಗೆ ಬರೆದಿದ್ದ: "ಸರ್, ಎರಡೂವರೆ ಕೆಜಿ! ನಿಮ್ಮ ಕಪ್ಪೆಗೇ ಬಿದ್ದಿದ್ದು. ಇದರ ಬಗ್ಗೆ ನೀವು ಬರೀಲೇಬೇಕು."

ಫೋಟೋ ದೊಡ್ಡದು ಮಾಡಿ ನೋಡಿದೆ. ಹುಡುಗನ ಮುಖದಲ್ಲಿ ಹೇಳಲಾರದಷ್ಟು ಖುಷಿ. ಅವನ ಹಿಂದೆ ಕೆರೆ. ಕೆರೆಯ ನೀರಿನ ಮೇಲೆ, ಅವನ ಎಡಗೈ ಮೊಣಕೈಯ ಪಕ್ಕಕ್ಕೆ, ಒಂದು ತಟ್ಟೆಯಗಲದ ಕೆಂಪು ಮಚ್ಚೆ. ಕುಂಕುಮ ಚೆಲ್ಲಿದ ಹಾಗೆ.

ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಬರೆಯುತ್ತಿದ್ದೇನೆ. ಆದರೆ ಅವನು ನಿರೀಕ್ಷಿಸಿದ ಬರಹ ಇದಲ್ಲ.

ಮೊದಲು ಈ ಕಪ್ಪೆಯ ವಿಷಯ. ನಾನು ರಾಯಚೂರು ಜಿಲ್ಲೆಯವನು. 1989ರಲ್ಲಿ ನೌಕರಿಗೆ ಅಂತ ಹೈದರಾಬಾದಿಗೆ ಬಂದವನು ಇಲ್ಲೇ ಉಳಿದೆ. ಚಿಕ್ಕಂದಿನಲ್ಲಿ ನಮ್ಮ ಸೋದರಮಾವ ಊರ ಕೆರೆಯಲ್ಲಿ ಗಾಳ ಹಾಕುತ್ತಿದ್ದ. ಅವನ ಕ್ರಮ ಸರಳ. ಗದ್ದೆ ಬದುವಿನಿಂದ ಜೀವಂತ ಕಪ್ಪೆ ಹಿಡಿದು, ಕೊಕ್ಕೆಗೆ ಸಿಕ್ಕಿಸಿ, ಉದ್ದ ಬಿದಿರಿನ ತುದಿಯಿಂದ ತಾವರೆ ಎಲೆಗಳ ಸಂದಿಯಲ್ಲಿ ತಟ್ ತಟ್ ಅಂತ ಆಡಿಸೋದು. ಕಪ್ಪೆ ಹಿಡಿದು ಕೊಡುವ ಕೆಲಸ ನನ್ನದು. ಒಂದು ಕಪ್ಪೆಗೆ ಒಂದು ಪೆಪ್ಪರಮೆಂಟು. ಆ ಕಪ್ಪೆ ಕೊಕ್ಕೆಯಲ್ಲಿ ಒದ್ದಾಡುವುದನ್ನು ನೋಡಲಾಗದೆ ನಾನು ಮುಖ ತಿರುಗಿಸುತ್ತಿದ್ದೆ, ಪೆಪ್ಪರಮೆಂಟು ಮಾತ್ರ ಬಿಡುತ್ತಿರಲಿಲ್ಲ.

ಹೈದರಾಬಾದಿಗೆ ಬಂದ ಮೇಲೆ ಇಪ್ಪತ್ತು ವರ್ಷ ಗಾಳ ಮುಟ್ಟಲಿಲ್ಲ. ಸಂಸಾರ, ಮಕ್ಕಳ ಫೀಸು, ಲೆಕ್ಕಪತ್ರ ವಿಭಾಗದ ಮಾರ್ಚ್ ತಿಂಗಳುಗಳು... ಗೊತ್ತಲ್ಲ. 2009ರಲ್ಲಿ ಟೆಕ್ಸಾಸಿನಲ್ಲಿರುವ ನಮ್ಮಕ್ಕನ ಮಗ ರಜಕ್ಕೆ ಬಂದವನು ಒಂದು ಪುಟ್ಟ ಡಬ್ಬಿ ಕೈಗಿಟ್ಟ. "ಮಾಮ, ಇದನ್ನ ನಿಮ್ಮ ಕೆರ್ಯಾಗ ಒಗದು ನೋಡ್ರಿ. ನಾವು ಅಲ್ಲಿ ಬಾಸ್ ಹಿಡಿಯಾಕ ಇದನ್ನ ಹಾಕ್ತೀವಿ." ಒಳಗೆ ಟೊಳ್ಳು ರಬ್ಬರಿನ ಕಪ್ಪೆ. ಹೊಟ್ಟೆ ಮೆತ್ತಗೆ, ಹಿಂದೆ ರಬ್ಬರಿನ ಎಳೆಗಳೇ ಕಾಲು, ಬೆನ್ನಿಗೆ ಅಂಟಿಕೊಂಡಂತೆ ಮೇಲ್ಮುಖವಾಗಿ ಎರಡು ಕೊಕ್ಕೆ. ಜೊಂಡು, ಅಂತರಗಂಗೆ, ತಾವರೆ ಎಲೆ ಯಾವುದರ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮಾತ್ರ ಮೆತ್ತನೆಯ ಹೊಟ್ಟೆ ಒತ್ತಿ ಕೊಕ್ಕೆ ಹೊರಬರುತ್ತದೆ. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ಬುದ್ಧಿ!

ಇದು ಅಮೆರಿಕದವರ ಬಾಸ್ ಹುಚ್ಚಿನ ಕೂಸು. ನೀರಿನೊಳಗೆ ಮುಳುಗದೆ ಮೇಲ್ಮೈಯಲ್ಲೇ ಓಡಾಡುವ ಇಂಥ ಹುಸಿ ಎರೆಗಳಿಗೆ ಅವರು ಟಾಪ್‌ವಾಟರ್ ಲ್ಯೂರ್ ಅನ್ನುತ್ತಾರೆ. ಮಿಷಿಗನ್ ರಾಜ್ಯದ ಡೋವಾಜಿಯಾಕ್ ಊರಿನ ಜೇಮ್ಸ್ ಹೆಡನ್ ಅನ್ನುವಾತ ಒಂದು ದಿನ ಕೊಳದ ಬದಿಯಲ್ಲಿ ಕೂತು ಮರದ ತುಂಡು ಕೆತ್ತುತ್ತಿದ್ದನಂತೆ. ಸುಮ್ಮನೆ ಅದನ್ನು ನೀರಿಗೆ ಎಸೆದಾಗ ಬಾಸ್ ಮೀನೊಂದು ಎಗರಿ ಹೊಡೆಯಿತಂತೆ. ಕಥೆ ಎಷ್ಟು ನಿಜವೋ, 1890ರ ದಶಕದ ಕೊನೆಗೆ ಆತ ಮರದಲ್ಲಿ ಕಪ್ಪೆ ಕೆತ್ತಿದ್ದಂತೂ ನಿಜ, ಮುಂದೆ ಆ ಮನೆತನದ ಕಂಪನಿ ಹೆಸರುವಾಸಿಯಾಗಿದ್ದೂ ನಿಜ. ಆಮೇಲೆ ಬಗೆಬಗೆಯವು ಬಂದವು. ಬಾಯಿ ತಗ್ಗಾಗಿರುವ ಪಾಪರ್, ಎಳೆದಾಗ ಗುಳಕ್ ಅನ್ನುತ್ತದೆ. ಸಿಗಾರಿನಾಕಾರದ್ದು, ರಾಡ್ ತುದಿಯನ್ನು ಲಯದಲ್ಲಿ ಕುಟುಕಿದರೆ ಎಡಕ್ಕೆ ಬಲಕ್ಕೆ ತಲೆ ಹಾಕುತ್ತಾ ಬರುತ್ತದೆ. ಅದಕ್ಕೆ ಅವರು 'ನಾಯಿ ನಡೆಸೋದು' ಅನ್ನುತ್ತಾರೆ. ರೆಕ್ಕೆ ತಿರುಗಿಸುತ್ತಾ ಗರಗರ ಬರುವ ಬಜ್‌ಬೇಟ್ ಬೇರೆ. ನಾನು ಎಲ್ಲವನ್ನೂ ಒಂದಲ್ಲ ಒಂದು ಸಲ ಕೊಂಡು ದುಡ್ಡು ಕಳೆದಿದ್ದೇನೆ. ನಮ್ಮ ಜೊಂಡು ತುಂಬಿದ ಕೆರೆಗಳಿಗೆ ಕಪ್ಪೆಯೇ ಸರಿ.

ಬಾಸ್ ನಮ್ಮ ಕೆರೆಗಳಲ್ಲಿ ಇಲ್ಲ. ಆದರೆ ಬಾಸ್‌ಗೆ ಅಂತ ಮಾಡಿದ ಕಪ್ಪೆ ನಮ್ಮ ಕೊರ್ರಮೀನಿಗೆ ಹೇಳಿ ಮಾಡಿಸಿದ ಹಾಗಿದೆ. ಎರಡೂ ಹೊಂಚು ಹಾಕುವ ಜಾತಿ, ಎರಡಕ್ಕೂ ಗಿಡಗಂಟಿಯ ನೆರಳು ಬೇಕು, ಎರಡಕ್ಕೂ ಕಪ್ಪೆ ಅಂದರೆ ಪ್ರಾಣ. ಕೊರ್ರಮೀನು ಅಂದರೆ ಗೊತ್ತಾಗದವರಿಗೆ: ಮರಾಠಿಯವರ ಮರಳ, ತಮಿಳರ ವಿರಾಲ್, ಇಂಗ್ಲಿಷಿನವರ ಮುರೆಲ್ ಅಥವಾ ಸ್ನೇಕ್‌ಹೆಡ್. ಪುಣೆ, ಚೆನ್ನೈ, ಮುಂಬೈನಲ್ಲಿರುವ ನಮ್ಮವರು ಯಾವುದೋ ಒಂದು ಹೆಸರಲ್ಲಿ ತಿಂದೇ ಇರುತ್ತೀರಿ. ಹಾವಿನ ಹಾಗೆ ಚಪ್ಪಟೆ ತಲೆ, ಉರುಟು ಮೈ, ಮುಳ್ಳು ಕಡಿಮೆ. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ಇದೆ. ಆಗಾಗ ಮೇಲೆ ಬಂದು ಗಾಳಿ ನುಂಗದಿದ್ದರೆ ಉಸಿರುಗಟ್ಟುತ್ತದೆ. ಅದಕ್ಕೇ ಮಾರುಕಟ್ಟೆಯಲ್ಲಿ ಬುಟ್ಟಿಯಲ್ಲಿ ಗಂಟೆಗಟ್ಟಲೆ ಜೀವಂತ ಇರುತ್ತದೆ, ಜೀವಂತ ಇರುವುದರಿಂದಲೇ ರೋಹು ಕಾಟ್ಲಾಗಿಂತ ದುಬಾರಿ. 2016ರಲ್ಲಿ ತೆಲಂಗಾಣ ಸರ್ಕಾರ ಇದನ್ನೇ ರಾಜ್ಯದ ಮೀನು ಅಂತ ಘೋಷಿಸಿತು. ಮೃಗಶಿರಾ ದಿನ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಉಬ್ಬಸದವರಿಗೆ ಔಷಧಿ ಜೊತೆ ನುಂಗಿಸುವುದೂ ಇದರ ಮರಿಯನ್ನೇ. (ಗುಣ ಆಗುತ್ತಾ ಅಂತ ಕೇಳಬೇಡಿ. ಅದು ಬೇರೆ ಜಗಳ.)

ಕಪ್ಪೆ ಹಾಕುವ ಸುಖ ಹೇಳದಿದ್ದರೆ ನನ್ನ ಮಾತಿಗೆ ತೂಕ ಬರುವುದಿಲ್ಲ. ಬೆಳಗಿನ ಐದೂವರೆಗೆ ಕೆರೆ ಏರಿ ಮೇಲೆ ನಿಂತಿರುತ್ತೀರಿ. ನೀರು ಕನ್ನಡಿ. ಎಲ್ಲೋ ಜೊಂಡಿನ ಪಕ್ಕ ಒಂದು ಗುಳ್ಳೆ, ಒಂದು ಸಣ್ಣ ಸುಳಿ. ಮೀನು ಉಸಿರು ತಗೊಂಡಿತು. ಅಲ್ಲಿಗೇ ಎಸೆಯಬಾರದು, ಬೆದರುತ್ತದೆ. ಅದಕ್ಕಿಂತ ಹತ್ತಡಿ ಆಚೆ, ತಾವರೆ ಎಲೆಯ ಮೇಲೆ ಕಪ್ಪೆ ಬೀಳಬೇಕು. ಒಂದು ಕ್ಷಣ ಸುಮ್ಮನೆ ಬಿಟ್ಟು, ಎಲೆಯಿಂದ ನೀರಿಗೆ ಜಾರಿಸಿ, ಕುಟುಕು, ಕುಟುಕು, ನಿಲ್ಲಿಸು. ನೀರಿನಡಿಯಲ್ಲಿ ಏನೋ ಹಿಂಬಾಲಿಸುವಾಗ ಜೊಂಡು ಸಣ್ಣಗೆ ಅಲ್ಲಾಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಯಾರೋ ಮೇಲಿನಿಂದ ಕಲ್ಲು ಎತ್ತಿಹಾಕಿದ ಹಾಗೆ ದಬಕ್! ಆಗ ಎಳೆದಿರೋ, ಕೆಟ್ಟಿರಿ. ಒಂದು, ಎರಡು ಅಂತ ಎಣಿಸಬೇಕು, ನೂಲಿನಲ್ಲಿ ಭಾರ ಗೊತ್ತಾಗಬೇಕು, ಆಮೇಲೆ ಎಳೆಯಬೇಕು. ಮೂವತ್ತು ವರ್ಷ ಲೆಜ್ಜರು ತಿದ್ದಿದ ಮನುಷ್ಯ ನಾನು, ತಾಳ್ಮೆ ನನ್ನ ಕಸುಬು. ಆದರೂ ಆ ದಬಕ್ ಕೇಳಿದಾಗ ಹತ್ತರಲ್ಲಿ ಆರು ಸಲ ಆತುರಬಿದ್ದು ಎಳೆದು ಮೀನು ಬಿಟ್ಟಿದ್ದೇನೆ.

ಮೀನಿಗೂ ಇಲ್ಲಿ ಒಂದು ಆಯ್ಕೆ ಇದೆ. ಹಸಿವು ಇಲ್ಲದಿದ್ದರೆ ಬರುವುದಿಲ್ಲ. ಅನುಮಾನ ಬಂದರೆ ಹಿಂದಿನಿಂದ ನೋಡಿ ತಿರುಗಿ ಹೋಗುತ್ತದೆ. ಎಷ್ಟೋ ಭಾನುವಾರ ಕೈ ಬೀಸಿ ಬೀಸಿ ಹೆಗಲು ನೋವು ಮಾಡಿಕೊಂಡು ಬರಿಗೈಯಲ್ಲಿ ಮನೆಗೆ ಬಂದಿದ್ದೇನೆ. "ನಿಮಗ ಮೀನ ಬೇಕಾದ್ರ ರಾಮನಗರ ಪ್ಯಾಟ್ಯಾಗ ಸಿಗೂದಿಲ್ಲೇನು? ಪೆಟ್ರೋಲಿನ ರೊಕ್ಕದಾಗ ಎರಡು ಕಿಲೋ ಬರತಿತ್ತು" ಅಂತ ನಮ್ಮ ಮನೆಯಾಕೆ ಅಂದಿದ್ದಕ್ಕೆ ಲೆಕ್ಕವಿಲ್ಲ.

ಈಗ ಆ ಕೆಂಪು ಮಚ್ಚೆ.

ಮುಂಗಾರಿನ ಮೊದಲ ಮಳೆಗಳು ಬಿದ್ದು ಕೆರೆಗೆ ಹೊಸ ನೀರು ಬಂದಾಗ ಕೊರ್ರಮೀನಿನ ಜೋಡಿ ಜೊಂಡಿನ ನಡುವೆ ಒಂದಿಷ್ಟು ಜಾಗ ತೆರವು ಮಾಡಿಕೊಳ್ಳುತ್ತದೆ. ಮೊಟ್ಟೆಗಳು ನೀರ ಮೇಲೆ ತೇಲುತ್ತವೆ. ಒಂದೆರಡು ದಿನದಲ್ಲಿ ಮರಿ. ಮರಿಗಳು ಸ್ವಲ್ಪ ಬಲಿತ ಮೇಲೆ ಕಿತ್ತಳೆಗೆಂಪು ಬಣ್ಣ ಬಂದು ಸಾವಿರಾರು ಒಟ್ಟಿಗೆ, ಚೆಂಡಿನ ಹಾಗೆ ಗುಂಪಾಗಿ ತಿರುಗುತ್ತವೆ. ಅವೂ ಗಾಳಿ ನುಂಗಲು ಮೇಲೆ ಬರಲೇಬೇಕು. ಬಂದಾಗ ಆ ಒಂದೇ ಜಾಗದಲ್ಲಿ ತುಂತುರು ಮಳೆ ಬಿದ್ದಂತೆ ನೀರು ಚಿಟಪಟ ಅನ್ನುತ್ತದೆ. ದೂರದಿಂದಲೇ ಕೆಂಪಗೆ ಕಾಣುತ್ತದೆ. ಅಂದರೆ ಕೆರೆಯ ಬೆಳ್ಳಕ್ಕಿ, ನೀರುಕಾಗೆ, ನೀರು ಹಾವು, ಜಿಲೇಬಿ ಮೀನು ಎಲ್ಲಕ್ಕೂ ಕಾಣುತ್ತದೆ. ಅದಕ್ಕೇ ತಂದೆತಾಯಿ ಸರಿಯಾಗಿ ಅದರ ಕೆಳಗೆ ಕಾವಲಿರುತ್ತವೆ. ಮರಿಗಳ ಕೆಂಪು ಬಣ್ಣ ಹೋಗಿ, ಹೆಬ್ಬೆರಳಿನಷ್ಟಾಗಿ, ತಮ್ಮ ಪಾಡಿಗೆ ಚದುರುವ ತನಕ ವಾರಗಟ್ಟಲೆ ಈ ಕಾವಲು. ಆ ಗುಂಪಿನ ಮೇಲೆ ಏನೇ ಬಿದ್ದರೂ, ಕಪ್ಪೆಯಾಗಲಿ ಒಣಕಡ್ಡಿಯಾಗಲಿ, ಹೊಡೆದೇ ಹೊಡೆಯುತ್ತವೆ. ಹಸಿವಿನಿಂದಲ್ಲ. ಅದೇ ಆ ಹುಡುಗನಿಗೆ ಸಿಕ್ಕ ಎರಡೂವರೆ ಕೆಜಿ.

ಗೊತ್ತಿಲ್ಲದೆ ಮಾಡಿದ ಅಂತ ಅವನನ್ನು ಬೈಯಲು ನನಗೆ ಹಕ್ಕಿಲ್ಲ. 2011ರ ಜುಲೈನಲ್ಲಿ ಮೆಹಬೂಬ್‌ನಗರ ರಸ್ತೆಯ ಕಡೆ ಒಂದು ಹಳ್ಳಿ ಕೆರೆಯಲ್ಲಿ ನಾನು ಗೊತ್ತಿದ್ದೇ ಮಾಡಿದೆ. ಮೂರು ಭಾನುವಾರ ಬರಿಗೈ ಆಗಿತ್ತು. ಅಕ್ಕನ ಮಗ ಅಮೆರಿಕದಿಂದ "ಏನಾತು ಮಾಮ, ಬಿದ್ದವಿಲ್ಲೋ?" ಅಂತ ಕೇಳುತ್ತಲೇ ಇದ್ದ. ಕೆಂಪು ಗುಂಪು ಕಂಡಿತು. ಮಾವ ಚಿಕ್ಕಂದಿನಲ್ಲಿ "ಅಲ್ಲಿ ಹಾಕಬ್ಯಾಡ, ಅದು ಬಾಣಂತನದ ಮನಿ" ಅಂದದ್ದು ನೆನಪೂ ಆಯಿತು. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸುವವನಿಗೂ ಅಷ್ಟು ನೇಮ ಇತ್ತು. ನಾನು ಎಸೆದೆ. ಎರಡನೇ ಸಲಕ್ಕೇ ದಬಕ್. ಎಣಿಸುವ ಗೊಡವೆಯೇ ಬೀಳಲಿಲ್ಲ, ಅಷ್ಟು ಆಳವಾಗಿ ಕಚ್ಚಿತ್ತು. ಒಂದು ಮುಕ್ಕಾಲು ಕಿಲೋ.

ಸೊಸೈಟಿಯ ಪರವಾಗಿ ಕೆರೆ ಕಾಯುವ ಮುದುಕನೊಬ್ಬ ತೆಪ್ಪದ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಗಾಳಕ್ಕೆ ಅಂತ ನನ್ನ ಹತ್ತಿರ ಇನ್ನೂರು ರೂಪಾಯಿ ತಗೊಂಡಿದ್ದವನು, ಬೈಯಲಿಲ್ಲ. ತೆಲುಗಿನಲ್ಲಿ "ಸ್ವಲ್ಪ ಇಲ್ಲೇ ನಿಂತು ನೋಡಿ ಹೋಗಿ ಸಾರ್" ಅಂದ, ಅಷ್ಟೇ. ನಿಂತೆ. ಕೆಂಪು ಗುಂಪು ಮೊದಲು ಒಂದೇ ಕಡೆ ಗಿರಕಿ ಹೊಡೆಯಿತು. ಆಮೇಲೆ ಅಂಚಿನಲ್ಲಿ ಚಿಮ್ಮಾಟ ಶುರು. ಜಿಲೇಬಿ ಮೀನುಗಳು ಒಂದೊಂದಾಗಿ ಬಂದು ಹೆಕ್ಕತೊಡಗಿದವು. ಬೆಳ್ಳಕ್ಕಿ ಎರಡು ಹೆಜ್ಜೆ ಹತ್ತಿರ ಬಂತು. ಒಂದು ಸಲ ಮಾತ್ರ ಕೆಳಗಿನಿಂದ ದೊಡ್ಡದೊಂದು ಸುಳಿ ಎದ್ದು ಎಲ್ಲ ಚದುರಿದವು. ಜೋಡಿಯ ಇನ್ನೊಂದು ಅದು. ಒಂದೇ ಕಾವಲು, ನಾಲ್ಕು ದಿಕ್ಕು. ಆ ಕಡೆ ಓಡಿಸಿದರೆ ಈ ಕಡೆ ಬಂದವು. ಹತ್ತೇ ನಿಮಿಷದಲ್ಲಿ ತಟ್ಟೆಯಗಲದ ಕೆಂಪು ಅಂಗೈ ಅಗಲಕ್ಕೆ ಬಂತು. ನನ್ನ ಚೀಲದಲ್ಲಿ ಆ ಮೀನು ಇನ್ನೂ ಗಾಳಿ ನುಂಗುತ್ತಾ ಬಾಲ ಬಡಿಯುತ್ತಿತ್ತು. ಗಾಳಿ ಉಸಿರಾಡುವ ಜಾತಿ ಅಂದೆನಲ್ಲ, ಬೇಗ ಸಾಯುವುದಿಲ್ಲ.

ಮನೆಯಲ್ಲಿ ಸಾರು ಮಾಡಿದರು. ತಿಂದೆ. ರುಚಿ ಚೆನ್ನಾಗಿಯೇ ಇತ್ತು. ಅದು ಇನ್ನೂ ಕೆಡುಕು ಅನಿಸುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹುಡುಗನಿಗೆ ಹೇಳಿದೆ. ಅವನು ಸಿಟ್ಟಾದ. ಬುದ್ಧಿವಂತ ಹುಡುಗ, ವಾದವನ್ನೂ ಚೆನ್ನಾಗಿ ಮಾಡುತ್ತಾನೆ. "ಸರ್, ಯೂಟ್ಯೂಬಲ್ಲಿ ನೋಡಿ, ಅಮೆರಿಕದಲ್ಲಿ ಎಲ್ಲರೂ ಹೀಗೇ ಹಿಡಿಯೋದು. ಮರಿ ಗುಂಪು ಹುಡುಕಿ, ಮೊದಲು ಒಂದನ್ನ ಹಿಡಿದು, ಹತ್ತು ನಿಮಿಷ ಬಿಟ್ಟು ಇನ್ನೊಂದನ್ನೂ ಹಿಡೀತಾರೆ. ಅಲ್ಲಿನ ಸರ್ಕಾರನೇ ಹಿಡೀರಿ ಅನ್ನುತ್ತೆ!"

ಅವನು ಹೇಳಿದ್ದು ಪೂರ್ತಿ ನಿಜ. ಗೊಂದಲ ಇರೋದೇ ಅಲ್ಲಿ. 2002ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಎಂಬಲ್ಲಿ ಒಂದು ಸಣ್ಣ ಕೊಳದಲ್ಲಿ ಚೀನಾ ಕಡೆಯ ಸ್ನೇಕ್‌ಹೆಡ್ ಸಿಕ್ಕಿತು. ನಮ್ಮ ಕೊರ್ರಮೀನಿನ ದೊಡ್ಡಪ್ಪನ ಮಗ ಅನ್ನಿ. ಯಾರೋ ಮಾರುಕಟ್ಟೆಯಿಂದ ಜೀವಂತ ತಂದ ಎರಡು ಮೀನುಗಳನ್ನು ಎರಡು ವರ್ಷ ಮೊದಲು ಕೊಳಕ್ಕೆ ಬಿಟ್ಟಿದ್ದರು. ಆ ಸೆಪ್ಟೆಂಬರಿನಲ್ಲಿ ಸರ್ಕಾರ ಕೊಳಕ್ಕೆ ವಿಷ ಹಾಕಿದಾಗ ಸಾವಿರಕ್ಕೂ ಹೆಚ್ಚು ಮರಿಗಳು ತೇಲಿದವು. ಕಾವಲು ಎಷ್ಟು ಗಟ್ಟಿ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2004ರಲ್ಲಿ ಪೊಟೊಮ್ಯಾಕ್ ನದಿಯಲ್ಲೂ ಕಾಣಿಸಿಕೊಂಡು ಅಲ್ಲಿ ನೆಲೆ ನಿಂತಿತು. ಆ ನದಿಗೆ ಅದು ಹೊರಗಿನದು. ಅಲ್ಲಿನ ಮೀನುಗಳನ್ನು ತಿಂದುಬಿಡುತ್ತದೆ ಎಂಬ ಭಯ. ಹಿಡಿದರೆ ಕೊಲ್ಲಿ, ತಿನ್ನಿ, ಜೀವಂತ ಇಟ್ಟುಕೊಳ್ಳಬೇಡಿ ಅಂತ ಕಾನೂನು. ಜನ ತಿನ್ನಲಿ ಅಂತ 2024ರಲ್ಲಿ ಮೇರಿಲ್ಯಾಂಡಿನವರು ಅದಕ್ಕೆ 'ಚೆಸಪೀಕ್ ಚನ್ನಾ' ಅಂತ ಚಂದದ ಹೆಸರನ್ನೂ ಇಟ್ಟರು. ಅಲ್ಲಿ ಮರಿ ಗುಂಪಿನ ಮೇಲೆ ಕಪ್ಪೆ ಎಸೆದು ತಂದೆತಾಯಿ ಎರಡನ್ನೂ ಎತ್ತುವವನು ನದಿಗೆ ಉಪಕಾರ ಮಾಡುತ್ತಿದ್ದಾನೆ.

ಅದೇ ಅಮೆರಿಕದವರು ತಮ್ಮ ಬಾಸ್ ವಿಷಯದಲ್ಲಿ ಏನು ಮಾಡುತ್ತಾರೆ? ಬಾಸ್‌ನಲ್ಲಿ ಕಾವಲು ಗಂಡಿನದು. ವಸಂತದಲ್ಲಿ ಗಂಡು ತಳದಲ್ಲಿ ಗೂಡು ಗುಡಿಸಿ, ಮೊಟ್ಟೆ, ಆಮೇಲೆ ಮರಿ ಕಾಯುತ್ತದೆ. ಆ ಹೊತ್ತಿನಲ್ಲಿ ಅದೂ ಮುಂದೆ ಬಂದದ್ದನ್ನೆಲ್ಲ ಹೊಡೆಯುತ್ತದೆ. ಗಂಡನ್ನು ಎತ್ತಿದ ಕೂಡಲೇ ಸಣ್ಣ ಮೀನುಗಳು ಗೂಡಿಗೆ ನುಗ್ಗುವುದನ್ನು ಅಲ್ಲಿನ ವಿಜ್ಞಾನಿಗಳು ನೀರಲ್ಲಿ ಮುಳುಗಿ ನೋಡಿದ್ದಾರೆ. ಗೂಡಿನ ಮೇಲಿನ ಬಾಸ್ ಹಿಡಿಯಬೇಕೋ ಬೇಡವೋ ಎಂಬ ಜಗಳ ಅಲ್ಲಿನ ಗಾಳದವರಲ್ಲಿ ಇನ್ನೂ ಮುಗಿದಿಲ್ಲ. ಆಚೆ ಕೆನಡಾದಲ್ಲಿ, ದಕ್ಷಿಣ ಒಂಟಾರಿಯೋದ ಬಹುಪಾಲು ನೀರುಗಳಲ್ಲಿ, ಜೂನ್ ಮೂರನೇ ವಾರದ ಹೊತ್ತಿಗೆ ಗೂಡಿನ ಕಾಲ ಮುಗಿಯುವ ತನಕ ಬಾಸ್‌ಗೆ ಗಾಳ ಹಾಕುವ ಹಾಗೇ ಇಲ್ಲ. ಇನ್ನು ಅದೇ ಬಾಸ್ ಜಪಾನಿನ ಬೀವಾ ಸರೋವರಕ್ಕೆ ಬಂದಾಗ ಹೊರಗಿನದಾಯಿತು. ಹಿಡಿದ ಬಾಸ್‌ನ್ನು ವಾಪಸು ನೀರಿಗೆ ಬಿಡಬಾರದು ಅಂತ ಅಲ್ಲಿನ ಶಿಗಾ ಪ್ರಾಂತ್ಯ 2003ರಿಂದ ಕಟ್ಟಳೆ ಮಾಡಿದೆ. ನಮ್ಮ ಹುಡುಗರು ಪೊಟೊಮ್ಯಾಕ್ ನದಿಯ ವಿಡಿಯೋ ನೋಡಿ ಮೆಹಬೂಬ್‌ನಗರದ ಕೆರೆಗೆ ಹೋಗುತ್ತಾರೆ. ಕಪ್ಪೆ ಒಂದೇ, ಎಸೆತ ಒಂದೇ, ಮೀನೂ ಹೆಚ್ಚುಕಡಿಮೆ ಒಂದೇ. ಕೆರೆ ಮಾತ್ರ ಬೇರೆ. ಇಲ್ಲಿ ಹೊರಗಿನದು ಜಿಲೇಬಿ ಮೀನು. ಆಫ್ರಿಕಾದಿಂದ ಬಂದದ್ದು. ಕಾವಲುಗಾರನನ್ನು ಎತ್ತಿದರೆ ಹಬ್ಬ ಮಾಡುವುದು ಅದೇ.

ನಲವತ್ತು ವರ್ಷ ಹತ್ತಿರಾದರೂ ನನ್ನನ್ನು ಇಲ್ಲಿ ಇನ್ನೂ ಕೆಲವರು 'ಹೊರಗಿನವರು' ಅನ್ನುವುದುಂಟು. ಹಾಗಾಗಿ ಹೊರಗಿನದು ಒಳಗಿನದು ಅಂತ ಮಾತಾಡುವಾಗ ನನಗೇ ಸ್ವಲ್ಪ ನಗು ಬರುತ್ತದೆ. ಮೀನಿನ ಮಾತು ಮೀನಿಗೇ ಇರಲಿ.

ಹುಡುಗ ಬಿಡಲಿಲ್ಲ. "ನಾನೊಬ್ಬ ಒಂದು ಮೀನು ಹಿಡಿದರೆ ಏನಾಯ್ತು ಸರ್, ಸೊಸೈಟಿಯವರು ಬಲೆ ಎಳೆದರೆ ಇಡೀ ಕೆರೆನೇ ಖಾಲಿ." ಸರಿ. ಆದರೆ ಬಲೆಯವನಿಗೆ ಅದು ಹೊಟ್ಟೆಪಾಡು. ಸರ್ಕಾರ ಮಳೆಗಾಲದಲ್ಲಿ ಪುಕ್ಕಟೆ ಬಿಡುವ ಮರಿಗಳು ಹೆಚ್ಚಾಗಿ ರೋಹು, ಕಾಟ್ಲಾ ಜಾತಿಯವು. ಹಳ್ಳಿ ಕೆರೆಯ ಕೊರ್ರಮೀನು ಹೆಚ್ಚಾಗಿ ತಾನೇ ಹುಟ್ಟಿ ತಾನೇ ಬೆಳೆಯಬೇಕು, ಅದೇ ಆ ಮುದುಕನಿಗೆ ಜಾಸ್ತಿ ದುಡ್ಡು ತರುವ ಮೀನು. ಹದಿನೈದು ಸಾವಿರದ ರಾಡು ರೀಲು ಹಿಡಿದು ಕಾರಿನಲ್ಲಿ ಹೋಗಿ, ಮುಂದಿನ ವರ್ಷ ಅವನ ಬಲೆಗೆ ಬೀಳಬೇಕಾದ ಬೆಳೆಯನ್ನು ಮೊಳಕೆಯಲ್ಲೇ ತುಳಿದು ಬರುವವರು ನಾವು. ಸಮುದ್ರದಲ್ಲಿ ಮೀನು ಮರಿ ಮಾಡುವ ಕಾಲ ಅಂತ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31. ಮಲ್ಪೆ, ಮಂಗಳೂರಿನವರು ಹೊಟ್ಟೆ ಕಟ್ಟಿಕೊಂಡು ಅದನ್ನು ಪಾಲಿಸುತ್ತಾರೆ. ಸಂಬಳ ತಗೊಂಡು ಭಾನುವಾರದ ಮೋಜಿಗೆ ಹೋಗುವ ನಮಗೆ ಒಂದು ಕೆಂಪು ಗುಂಪನ್ನು ಬಿಟ್ಟು ಪಕ್ಕಕ್ಕೆ ಎಸೆಯಲು ಏನು ಕಷ್ಟ?

"ಹಿಡಿದು ಫೋಟೋ ತೆಗೆದು ವಾಪಸು ಬಿಡ್ತೀನಿ ಸರ್." ಹತ್ತು ನಿಮಿಷದಲ್ಲಿ ಏನಾಗುತ್ತದೆ ಅಂತ ನಾನು ನಿಂತು ನೋಡಿದ್ದೇನೆ. ಅದೂ ಅಲ್ಲದೆ ಸುಸ್ತಾದ ಮೀನು, ಬಾಯಲ್ಲಿ ಗಾಯ, ಬಿಟ್ಟಕೂಡಲೇ ಕಾವಲಿಗೆ ನಿಲ್ಲುತ್ತದಾ? ಗಾಳಿ ಉಸಿರಾಡುವುದರಿಂದ ಸಾಯುವುದಿಲ್ಲ ಅನ್ನುವ ಧೈರ್ಯಕ್ಕೆ ನಮ್ಮವರು ಫೋಟೋದ ಮೇಲೆ ಫೋಟೋ ತೆಗೆಯುತ್ತಾರೆ. ಮುಖಕ್ಕೆ ಬಿಸಿಲು ಸರಿಯಾಗಿ ಬೀಳಲಿಲ್ಲ ಅಂತ ಇನ್ನೊಂದು.

"ಅವು ತಮ್ಮ ಮರಿಗಳನ್ನೇ ತಿನ್ನುತ್ತವೆ ಗೊತ್ತಾ?" ಇದು ಅವನ ಕೊನೆಯ ಬಾಣ. ಹಸಿದರೆ ಕೊರ್ರಮೀನು ಮರಿಗಳು ಒಂದನ್ನೊಂದು ತಿನ್ನುವುದು ಸಾಕಣೆ ಮಾಡುವವರಿಗೆಲ್ಲ ಗೊತ್ತು. ಅದಕ್ಕೇ ಗಾತ್ರ ನೋಡಿ ಬೇರೆಬೇರೆ ತೊಟ್ಟಿಗೆ ಹಾಕುತ್ತಾರೆ. ಮೀನು ಸಾಧು ಅಂತ ನಾನೆಲ್ಲಿ ಹೇಳಿದೆ? ನಾನು ಮೀನು ತಿನ್ನುವವನು. ಮೃಗಶಿರಾ ದಿನ ರಾಮನಗರದ ಮಾರುಕಟ್ಟೆಯಲ್ಲಿ ಜನರ ನೂಕಾಟದಲ್ಲಿ ಚಪ್ಪಲಿ ಕಳಕೊಂಡವನು. ನನ್ನ ತಕರಾರು ಗಾಳದವನ ತಕರಾರು. ಆ ಕೆಂಪಿನ ಮೇಲೆ ಎಸೆದಾಗ ಗಾಳದ ಆಟವೇ ಇಲ್ಲ. ಕಪ್ಪೆ ಚೆನ್ನಾಗಿ ಆಡಿಸಬೇಕಿಲ್ಲ, ಜಾಗ ಹುಡುಕಬೇಕಿಲ್ಲ, ಉಸಿರಿನ ಗುಳ್ಳೆ ಓದಬೇಕಿಲ್ಲ, ಒಂದು ಎರಡು ಎಣಿಸಬೇಕಿಲ್ಲ. ಮುಳುಗದ ಹವಾಯಿ ಚಪ್ಪಲಿಗೆ ಕೊಕ್ಕೆ ಕಟ್ಟಿ ಎಸೆದರೂ ಬರುತ್ತದೆ. ಬರದೆ ಇರುವ ದಾರಿ ಅದಕ್ಕಿಲ್ಲ. ಮೂರು ವರ್ಷ ನನ್ನ ಜೊತೆ ಬಿಸಿಲಲ್ಲಿ ನಿಂತು ಕಲಿತದ್ದನ್ನೆಲ್ಲ ಪಕ್ಕಕ್ಕಿಟ್ಟು ಹಿಡಿದ ಎರಡೂವರೆ ಕೆಜಿ ಅದು. ಅದಕ್ಕೆ ನಾನು ಶಹಬ್ಬಾಸ್ ಅನ್ನಲಾರೆ ಅಂದೆ. ಅವನು "ಸರಿ ಬಿಡಿ ಸರ್" ಅಂತ ಫೋನಿಟ್ಟ.

ಎರಡು ವಾರ ಸುದ್ದಿಯಿಲ್ಲ. ಬೇಜಾರಾಯಿತು. ಈ ಊರಲ್ಲಿ ಕನ್ನಡದಲ್ಲಿ ಗಾಳದ ಮಾತಾಡುವವನು ಅವನೊಬ್ಬನೇ. ಇಷ್ಟು ಬಿರುಸಾಗಿ ಹೇಳಬಾರದಿತ್ತೇನೋ, ಇಪ್ಪತ್ತೇಳರ ವಯಸ್ಸಿನಲ್ಲಿ ಜೀವನದ ಅತಿ ದೊಡ್ಡ ಮೀನು ಹಿಡಿದ ದಿನವೇ ತಣ್ಣೀರು ಎರಚಬಾರದಿತ್ತೇನೋ ಅಂತ ಮನೆಯಾಕೆಯ ಮುಂದೆ ಹೇಳಿಕೊಂಡೆ. "ನೀವು 2011ರಾಗ ತಂದದ್ದು ತಿಂದವರು ನಾವೂ ಅಲ್ಲೇನು? ಆ ಹುಡುಗಗ ಅದನ್ನೂ ಹೇಳಿದ್ರಿಲ್ಲೋ?" ಅಂದಳು. ಹೇಳಿದ್ದೆ. ಆದರೆ ಕೊನೆಗೆ, ಬೈದಾದ ಮೇಲೆ ಹೇಳಿದ್ದೆ. ಮೊದಲು ಹೇಳಬೇಕಿತ್ತು. ಅದಕ್ಕೇ ಇಲ್ಲಿ ಬರೆಯುವಾಗ ಮುಚ್ಚಿಡದೆ ಬರೆದಿದ್ದೇನೆ.

ಹೋದ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಗೇಟಿನ ಮುಂದೆ ಕಾರಿನ ಹಾರನ್. ಏನೂ ಆಗಿಲ್ಲದವನ ಹಾಗೆ ಕೂತಿದ್ದ. ದಾರಿಯುದ್ದಕ್ಕೂ ಆಫೀಸಿನ ಮಾತು, ಅವರಮ್ಮ ಹುಡುಗಿ ನೋಡುತ್ತಿರುವ ಮಾತು. ಮೀನಿನ ಸುದ್ದಿ ಇಬ್ಬರೂ ಎತ್ತಲಿಲ್ಲ. ಕೆರೆಗೆ ಹೋದರೆ ಏರಿಯ ಎಡಬದಿಗೆ, ತೂಬಿನಿಂದ ಇಪ್ಪತ್ತು ಅಡಿ ದೂರದಲ್ಲಿ, ನೀರು ಚಿಟಪಟ ಅಂದಿತು. ಕೆಂಪು ಗುಂಪು. ಮರಿಗಳು ಇನ್ನೂ ತೀರಾ ಚಿಕ್ಕವು. ಕೆಳಗೆ ಒಂದು ಕಪ್ಪು ನೆರಳು ನಿಧಾನಕ್ಕೆ ಸುತ್ತುತ್ತಿತ್ತು, ಇನ್ನೊಂದು ಸ್ವಲ್ಪ ಹಿಂದೆ. ಹಿಂದಿನದು ಮೂರು ಕೆಜಿಗೆ ಕಡಿಮೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನನ್ನ ಕೈಯೂ ತುರಿಸಿತು.

ಹುಡುಗ ರಾಡ್ ಕಂಕುಳಲ್ಲಿ ಸಿಕ್ಕಿಸಿಕೊಂಡು ಸುಮಾರು ಹೊತ್ತು ನೋಡಿದ. ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡ. ಆಮೇಲೆ "ಸರ್, ಆ ಕಡೆ ಜೊಂಡು ಚೆನ್ನಾಗಿದೆ ಅಲ್ವಾ?" ಅಂತ ಬಲಬದಿಗೆ ನಡೆದ. ಒಂಬತ್ತೂವರೆ ತನಕ ಎಸೆದೆವು. ಒಂದೇ ಒಂದು ದಬಕ್, ಅವನಿಗೆ. ಎಣಿಸದೆ ಎಳೆದು ಬಿಟ್ಟುಕೊಂಡ. ಬರುವಾಗ ಹೈವೇ ಪಕ್ಕದ ಗಾಡಿಯಲ್ಲಿ ಮಿರ್ಚಿ ಬಜ್ಜಿ ತಿಂದು, ಮನೆಗೆ ಬರಿಗೈಯಲ್ಲಿ ಬಂದೆ.

"ಇವತ್ತೂ ಇಲ್ಲೇನು?" ಅಂದಳು ಮನೆಯಾಕೆ, ಬಾಗಿಲಲ್ಲೇ.